ಪಾರಿವಾಳದ ಕತ್ತಿನ ಬಣ್ಣ

ಮದುವೆಯ ಮಾತುಕತೆಗೆಂದು ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನ ಮಾವ ನನ್ನ ಮುಖವನ್ನೇ ನೋಡಲಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲೇ ಗೋಡೆಯ ಹತ್ತಿರ ಹೋಗಿ, ಅಂಗೈ ಒತ್ತಿ, ಮೇಲಿಂದ ಕೆಳಗೆ ಸವರಿ, ಬೆರಳಿಗೆ ಹತ್ತಿದ ಪುಡಿಯನ್ನು ನಮ್ಮಪ್ಪನ ಮೂಗಿನ ಮುಂದೆ ಹಿಡಿದರು.

"ಯಾರ್ರೀ ಹೊಡೆದಿದ್ದು ಇದನ್ನ? ಹಳೇದನ್ನ ಕೆರೆಯದೆ ಹಾಗೇ ಮೇಲೆ ಬಳಿದು ಓಡಿಹೋಗಿದಾನೆ, ಕಳ್ಳ!"

ಬಳಿದವರು ನಮ್ಮಪ್ಪನೇ. ಮನೆಗೆ ನೆಂಟರು ಬರುತ್ತಾರೆಂದು ರಜಾ ಹಾಕಿ, ಬೆನ್ನು ಹಿಡಿದುಕೊಂಡು ಬಳಿದಿದ್ದರು. ಅವರು ಕೆಮ್ಮಿ, ಚಾವಣಿ ನೋಡಿ, "ಯಾರೋ ಒಬ್ಬ, ಈಗ ಊರಲ್ಲಿಲ್ಲ" ಎಂದರು. ನಾನು ಒಳಕೋಣೆಗೆ ಓಡಿಹೋಗಿ ದಿಂಬಿಗೆ ಮುಖ ಒತ್ತಿ ನಕ್ಕೆ. ಈ ಮನುಷ್ಯ ಇರುವ ಮನೆಗೆ ಹೋಗಲೇಬೇಕು ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಹುಡುಗ ಹೇಗಿದ್ದಾನೆ ಎಂದು ಸರಿಯಾಗಿ ನೋಡಿದ್ದು ಆಮೇಲೆ.

ಮಾವ ಬಣ್ಣದ ಮೇಸ್ತ್ರಿ. ವಿನಯ ಎನ್ನುವ ಸಾಮಾನು ಅವರ ಅಂಗಡಿಯಲ್ಲಿ ಯಾವತ್ತೂ ಇರಲಿಲ್ಲ. ಬಸ್ಸಿನಲ್ಲಿ ಕೂತರೆ ಪಕ್ಕದವರು ಪರಿಚಯದವರೇ ಆಗಬೇಕೆಂದೇನಿಲ್ಲ, ಮೊಣಕೈಯಿಂದ ತಿವಿದು ಶುರು ಮಾಡುತ್ತಿದ್ದರು: "ಆ ಮೂಲೆ ಮನೆ ಕಾಣ್ತಾ? ನಂದು. ಆ ಬ್ಯಾಂಕು? ನಂದು. ಆ ಆಸ್ಪತ್ರೆ ಮಹಡಿ ಇದೆಯಲ್ಲ, ಅದೂ ನಂದೇ." ಪಾಪ, ಹೊಸಬರು ಇವರನ್ನು ಯಾವುದೋ ದೊಡ್ಡ ಆಸ್ತಿವಂತರೆಂದು ತಿಳಿದು ಸೀಟಿನಲ್ಲಿ ಜರುಗಿ ಜಾಗ ಕೊಡುತ್ತಿದ್ದರು. ಒಂದು ಸಲ ನಾನು ಮೆಲ್ಲಗೆ, "ಮಾವ, ಆ ಮನೆಗೆ ಹೋದ ವರ್ಷ ಬೇರೆ ಯಾರೋ ಹಳದಿ ಹೊಡೆದರಲ್ಲ" ಎಂದೆ. ಮಾವ ಕಿಟಕಿಯ ಕಡೆ ತಿರುಗಿ ಕೂತರು.

ಅವತ್ತು ನನಗೆ ತಿಳಿಯಿತು, ಅವರ ಜಂಬದ ಕೆಳಗೆ ಏನಿದೆ ಎಂದು. ಬಡಗಿ ಮಾಡಿದ ಕುರ್ಚಿ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಬಣ್ಣದವನ ಕೆಲಸ ಮುಂದಿನ ಬಣ್ಣದವನು ಡಬ್ಬ ತೆಗೆದುಕೊಂಡು ಬರುವ ತನಕ ಮಾತ್ರ. ಮಾವ ಬೆಳಗಿನಿಂದ ಸಂಜೆಯವರೆಗೆ ಏಣಿಯ ಮೇಲೆ ಕಳೆದ ಆಯಸ್ಸೆಲ್ಲ ಬೇರೆಯವರ ಬಣ್ಣದ ಕೆಳಗೆ ಹೋಗಿ ಕೂತಿತ್ತು.

ಅದಕ್ಕೇ ಇರಬೇಕು, ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಬಣ್ಣದ ಮೇಲೆ ಹೊಸದು ಬಳಿಯುವಾಗ ಪ್ರತಿ ಕೋಣೆಯಲ್ಲೂ ಯಾರಿಗೂ ಕಾಣದ ಒಂದು ಜಾಗ ಹುಡುಕುವುದು. ಎಡಗೈಯನ್ನು ಬೆರಳು ಬಿಡಿಸಿ ಗೋಡೆಗೆ ಒತ್ತುವುದು. ಬಲಗೈಯಲ್ಲಿ ಸಣ್ಣ ಕುಂಚ ಹಿಡಿದು ಬೆರಳುಗಳ ಸುತ್ತ ಬಳಿಯುವುದು. ಕೈ ತೆಗೆದರೆ ಅಲ್ಲಿ ಹಳೆಯ ಬಣ್ಣದ ಒಂದು ಅಂಗೈ ಉಳಿಯುತ್ತದೆ. ಇದಕ್ಕೆ ಅವರು 'ಕೈ ಬಿಡುವುದು' ಎನ್ನುತ್ತಿದ್ದರು. "ನಮಗಿಂತ ಮುಂಚೆ ಒಬ್ಬ ಇಲ್ಲಿ ನಿಂತು ಬೆವರು ಸುರಿಸಿದಾನೆ. ಅವನನ್ನ ಪೂರ್ತಿ ಮುಚ್ಚಿಬಿಟ್ರೆ ನಾವೇನು ಮನುಷ್ಯರಾ?" ಎನ್ನುತ್ತಿದ್ದರು ಮಾವ. ಅವರಿಗೆ ಅವರಪ್ಪ ಕಲಿಸಿದ್ದು. ಅವರು ತಮ್ಮನಿಗೆ ಕಲಿಸಿದರು.

ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮನೆ ಗುಡಿಸುತ್ತಾ ಕಬ್ಬಿಣದ ಬೀರುವನ್ನು ಪಕ್ಕಕ್ಕೆ ತಳ್ಳಿದರೆ ಗೋಡೆಯ ಮೇಲೆ ಹಳದಿ ಕೈಯೊಂದು! ನಾನು ಕಿರುಚಿದ ಕಿರುಚಾಟಕ್ಕೆ ಎದುರುಮನೆಯವರು ಪೊರಕೆ ಹಿಡಿದು ಓಡಿಬಂದರು. ಮಾವ ಊಟದ ತಟ್ಟೆ ಬಿಟ್ಟು ಎದ್ದು ಬಂದು ನೋಡಿ, ದೆವ್ವವೂ ಇಲ್ಲ ಗಿವ್ವವೂ ಇಲ್ಲ, ಇದು ತಮ್ಮ ಕೈ ಎಂದು ಅಂಗೈ ಇಟ್ಟು ತೋರಿಸಿದರು. ಆಮೇಲೆ ನಾನು ಅವರ ಮೇಲೆ ಹಾರಾಡಿದೆನೆನ್ನಿ. ಹೊಸ ಸೊಸೆ ಎಂಬ ಸಂಕೋಚ ನನಗೂ ಇರಲಿಲ್ಲ.

ತಾವು ಬಣ್ಣ ಹೊಡೆದ ಎಲ್ಲ ಕೋಣೆಗಳ ಪೈಕಿ ಒಂದೇ ಒಂದು ಮಾತ್ರ ತಾವಿರುವವರೆಗೂ, ತಾವು ಹೋದ ಮೇಲೂ ಹಾಗೇ ಇರುತ್ತದೆ ಎಂದು ಮಾವ ನಂಬಿದ್ದರು. ಅದು ಶಾಯಿ ಸಾಹುಕಾರರ ಮನೆಯ ದೊಡ್ಡ ಕೋಣೆ. ಊರಿನ ಮಕ್ಕಳೆಲ್ಲ ಅವರ ಕಾರ್ಖಾನೆಯ ಶಾಯಿಯಲ್ಲೇ ಅಕ್ಷರ ಕಲಿತವರು. ಸಾಹುಕಾರರಿಗೆ ಚಿತ್ರಗಳ ಹುಚ್ಚು. ಎಲ್ಲೆಲ್ಲಿಂದಲೋ ತಂದು ಮಹಡಿ ಮೆಟ್ಟಿಲಿನಿಂದ ಹಿಡಿದು ಸ್ನಾನದ ಮನೆಯ ಬಾಗಿಲಿನವರೆಗೆ ತೂಗುಹಾಕಿದ್ದರು. ಆದರೆ ದೊಡ್ಡ ಕೋಣೆಯಲ್ಲಿ ಯಾವ ಚಿತ್ರ ಹಾಕಿದರೂ ಅವರಿಗೆ ಸಮಾಧಾನವಿಲ್ಲ. ಗೋಡೆ ಚಿತ್ರವನ್ನು ನುಂಗುತ್ತದೆ ಎಂದು ಗೊಣಗುತ್ತಿದ್ದರು. ಮಾವನೂ ಅವರ ತಮ್ಮನೂ ಆಗ ಹರೆಯದವರು. ಒಂದು ಬಣ್ಣ ಹೊಡೆದರು, ಸಾಹುಕಾರರು ತಲೆ ಅಲ್ಲಾಡಿಸಿದರು. ಕೆರೆದು ಇನ್ನೊಂದು ಹೊಡೆದರು, ಅದೂ ಬೇಡ. ಮಾವ ರೋಸಿಹೋಗಿ, ಕುಂಚವನ್ನು ಬಕೆಟ್ಟಿಗೆ ಹಾಕಿ ಕಿಟಕಿಯ ಹತ್ತಿರ ಕೂತರಂತೆ. ಹೊರಗೆ ಕಟ್ಟೆಯ ಮೇಲೆ ಒಂದು ಪಾರಿವಾಳ. ಬೂದು ಬಣ್ಣದ್ದೇ. ಆದರೆ ಕತ್ತು ತಿರುಗಿಸಿದಾಗ ಒಂದು ಕಡೆ ಹಸಿರು ಮಿಂಚಿತು, ಇನ್ನೊಂದು ಕಡೆ ನೇರಳೆ. ನಿಂತರೆ ಬೂದು, ನಡೆದರೆ ಮಿಂಚು.

ಅದನ್ನು ಗೋಡೆಗೆ ತರಲು ಮಾವ ಏನೇನು ಬೆರೆಸಿದರೋ, ಅದರ ಕಥೆ ಪ್ರತಿ ಸಲ ಬೇರೆಬೇರೆ. ಬಣ್ಣ ಒಣಗಿದ ಮೇಲೆ ಸಾಹುಕಾರರು ಒಂದೇ ಚಿತ್ರ ತಂದು ತೂಗುಹಾಕಿ, ಎದುರಿಗೆ ಕುರ್ಚಿ ಹಾಕಿಕೊಂಡು ಬಹಳ ಹೊತ್ತು ಕೂತರಂತೆ. ಕೊನೆಗೆ ಎದ್ದು ಮಾವನ ಹೆಗಲ ಮೇಲೆ ಕೈಯಿಟ್ಟು, "ಚಿತ್ರ ತಂದವನು ನಾನು, ಅದಕ್ಕೆ ಮನೆ ಕೊಟ್ಟವನು ನೀನು" ಎಂದರಂತೆ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ನಿದ್ದೆಯಲ್ಲಿ ಎಬ್ಬಿಸಿದರೂ ಸಾಹುಕಾರರ ದನಿಯಲ್ಲೇ ಹೇಳಬಲ್ಲೆ.

ಆದರೆ ಆ ಕೋಣೆಯ ಇನ್ನೊಂದು ಕಥೆಯನ್ನು ಮಾವ ನನಗೆ ಹೇಳಲಿಲ್ಲ, ಅತ್ತೆ ಹೇಳಿದರು. ಚಾವಣಿಯ ಅಂಚು ಬಳಿಯುವಾಗ ಏಣಿ ಜಾರಿತು. ಮೇಲೆ ಮಾವ. ಕೆಳಗೆ ಏಣಿ ಹಿಡಿದಿದ್ದವರು ತಮ್ಮ, ಅಂದರೆ ನನ್ನ ಚಿಕ್ಕಮಾವ. ಏಣಿಗೂ ಬಾಗಿಲ ಚೌಕಟ್ಟಿಗೂ ನಡುವೆ ಚಿಕ್ಕಮಾವನ ಎಡಗೈಯ ಕಿರುಬೆರಳು ಸಿಕ್ಕಿಕೊಂಡಿತು. ಕೈ ಎಳೆದುಕೊಂಡಿದ್ದರೆ ಬೆರಳು ಉಳಿಯುತ್ತಿತ್ತು, ಅಣ್ಣ ಉಳಿಯುತ್ತಿರಲಿಲ್ಲ. ಚಿಕ್ಕಮಾವ ಬಿಡಲಿಲ್ಲ. ಅಣ್ಣ ಇಳಿದು ಬರುವ ಹೊತ್ತಿಗೆ ಬೆರಳು ಅರ್ಧ ಹೋಗಿತ್ತು. ಅವತ್ತಿನಿಂದ ಊರಿನಲ್ಲಿ ಅವರಿಗೆ 'ನಾಲ್ಕೂವರೆ' ಎಂದೇ ಹೆಸರು. ಯಾರಾದರೂ "ನಾಲ್ಕೂವರೆ ಎಷ್ಟೊತ್ತಿಗೆ ಬರ್ತಾನೆ?" ಎಂದು ಕೇಳಿದರೆ, "ಐದಕ್ಕೆ" ಎಂದು ತಾವೇ ಹೇಳಿ ನಗುವಂಥ ಮನುಷ್ಯ.

ಅಂಥ ಅಣ್ಣತಮ್ಮಂದಿರು ಮಾತು ಬಿಟ್ಟರು.

ಸಾಹುಕಾರರು ತೀರಿಕೊಂಡ ಮೇಲೆ ಅವರ ಮನೆಯನ್ನು, ಚಿತ್ರಗಳ ಸಮೇತ, ಎಲ್ಲರೂ ನೋಡುವಂತೆ ಮ್ಯೂಸಿಯಂ ಮಾಡಿದರು. ಆಗ ನೋಡಿಕೊಳ್ಳಲು ಬಂದವರಿಗೆ ಗೋಡೆಗಳೆಲ್ಲ ಬೆಳ್ಳಗಿರಬೇಕು ಎಂಬ ಆಸೆ. ಮಾವನನ್ನೇ ಕರೆಸಿದರು. ಮಾವ ತಮ್ಮನ ಜೊತೆ ಹೋದರು. ಮೇಲ್ವಿಚಾರಕನೊಬ್ಬ ದೊಡ್ಡ ಕೋಣೆಯನ್ನು ತೋರಿಸಿ, ಇದೂ ಬಿಳಿ ಎಂದ. ಮಾವ ಹಲ್ಲು ಕಚ್ಚಿಕೊಂಡರು. ಮನೆ ಅವರದು, ಮಾತೂ ಅವರದು. "ಆಗಲಿ ಸ್ವಾಮಿ. ಕಪಾಟಿನ ಹಿಂದೆ ಒಂದು ಅಂಗೈಯಷ್ಟು ಮಾತ್ರ ಹಳೇದನ್ನ ಬಿಡ್ತೀನಿ. ಯಾರ ಕಣ್ಣಿಗೂ ಬೀಳಲ್ಲ" ಎಂದರು. ಆತ ನಕ್ಕುಬಿಟ್ಟ. "ಒಂದು ಚುಕ್ಕಿನೂ ಉಳೀಬಾರದು, ಅಜ್ಜಾ. ನಾನೇ ನಿಂತು ನೋಡ್ತೀನಿ" ಎಂದ.

ಮಾವ ಅಲ್ಲಿಂದ ನಡೆದುಕೊಂಡೇ ಮನೆಗೆ ಬಂದರು. ತಮ್ಮನೂ ಹಿಂದೆಯೇ ಬರುತ್ತಾನೆ ಎಂದುಕೊಂಡಿದ್ದರು. ತಮ್ಮ ಬರಲಿಲ್ಲ. ಆ ಕೆಲಸ ಹಿಡಿದವರು ಚಿಕ್ಕಮಾವ, ಪಾರಿವಾಳದ ಮೇಲೆ ಬಿಳಿ ಬಳಿದವರೂ ಚಿಕ್ಕಮಾವ. ಕೆಲಸ ಮುಗಿದ ಮೇಲೆ ಅವರು ನಮ್ಮ ಬಾಗಿಲಿಗೆ ಬಂದಿದ್ದು ನನಗೆ ಚೆನ್ನಾಗಿ ನೆನಪಿದೆ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಇತ್ತು.

"ಅಣ್ಣಾ, ಒಂದ್ಸಲ ಹೋಗಿ ನೋಡು. ನೀನೇ ನೋಡು ಬೇಕಾದ್ರೆ..."

"ಏನು ನೋಡ್ಲೋ? ನನ್ನ ಹೆಣ ನೋಡ್ಲಾ?" ಎಂದು ಮಾವ ಬಾಗಿಲನ್ನು ಅವರ ಮುಖದ ಮೇಲೆ ಹಾಕಿದರು.

ಆಮೇಲೆ ಚಿಕ್ಕಮಾವನೂ ಬರಲಿಲ್ಲ. ಆ ವಂಶದಲ್ಲಿ ಬಾಗುವ ಕತ್ತು ಒಂದೂ ಇಲ್ಲ. ಎರಡು ಬೀದಿಯಾಚೆ ಮನೆ, ಒಂದೇ ಟೀ ಅಂಗಡಿ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ನಿಂತು ಕುಡಿಯುವುದು. ಮಾವ ಕುಂಚಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದರು. ಬಸ್ಸಿನಲ್ಲಿ ಆಸ್ಪತ್ರೆಯನ್ನೂ ಬ್ಯಾಂಕನ್ನೂ ತೋರಿಸುವುದು ಮುಂದುವರಿಯಿತು. ಆದರೆ ಸಾಹುಕಾರರ ಮನೆಯ ತಿರುವು ಬಂದಾಗ ಚಪ್ಪಲಿ ಸರಿಮಾಡಿಕೊಳ್ಳುವವರಂತೆ ತಲೆ ತಗ್ಗಿಸುತ್ತಿದ್ದರು.

ನನ್ನದು ಹೊಲಿಗೆ ಅಂಗಡಿ. ಬಟ್ಟೆ ಸಡಿಲವಾದರೆ ಹಿಡಿಯುವುದು, ಬಿಗಿಯಾದರೆ ಬಿಡಿಸುವುದು. ಹೋದ ತಿಂಗಳು ಒಬ್ಬ ಹೆಂಗಸು ಕಾವಲಿನವರ ಸಮವಸ್ತ್ರ ತಂದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಳಂತೆ, ಕೋಟು ಭುಜದಿಂದ ಜಾರುತ್ತದಂತೆ. ಅಳತೆ ತೆಗೆಯುತ್ತಾ ಎಲ್ಲಿ ಕೆಲಸ ಎಂದು ಕೇಳಿದೆ.

"ಶಾಯಿ ಸಾಹುಕಾರರ ಮನೇಲಿ, ಅಕ್ಕಾ. ದೊಡ್ಡ ಕೋಣೆ ನನ್ನ ಕಾವಲು."

"ಓ, ಆ ಬಿಳಿ ಕೋಣೆ" ಎಂದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಬಿಳಿ ಎಲ್ಲಿ ಅಕ್ಕಾ ಈಗ? ಹೊಸ ಮೇಡಂ ಬಂದ್ಮೇಲೆ ಸಾಹುಕಾರರ ಕಾಲದಲ್ಲಿ ಹೇಗಿತ್ತೋ ಹಾಗೇ ಮಾಡಿಸಿದಾರೆ. ಒಂಥರಾ ಬೂದಿ ಬಣ್ಣ. ಬೂದಿನೂ ಅಲ್ಲ ಅನ್ನಿ. ಬೆಳಿಗ್ಗೆ ಒಂದು ಥರ ಕಾಣುತ್ತೆ, ಸಂಜೆ ಇನ್ನೊಂದು ಥರ."

ಗುಂಡುಸೂಜಿ ನುಂಗದೆ ಉಳಿದದ್ದು ನನ್ನ ಪುಣ್ಯ. ಅಂಗಡಿಗೆ ಬೀಗ ಹಾಕಿ ಮನೆಗೆ ಹೋಗಿ ಮಾವನಿಗೆ ಹೇಳಿದೆ. ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಯಾವನೋ ಏನೋ ಬೂದಿ ಬಳಿದಿರ್ತಾನೆ. ಬೂದಿ ಬಣ್ಣ ಯಾರಿಗೆ ಬರಲ್ಲ?"

"ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಅಂತೆ ಮಾವ."

"ಕಳಪೆ ಬಣ್ಣನೂ ಹಾಗೇ ಕಾಣುತ್ತೆ."

ಪೇಪರು ತಲೆಕೆಳಗಾಗಿತ್ತು. ನಾನು ಅಡುಗೆಮನೆಗೆ ಹೋದೆ. ಅವರಿಗೆ ಹೆದರಿಕೆ ಎಂದು ನನಗೆ ಗೊತ್ತಾಯಿತು. ಇಷ್ಟು ವರ್ಷ, ಅದು ಬಿಳಿಯ ಕೆಳಗೆ ಹೋಯಿತು ಎಂದು ದುಃಖಪಟ್ಟಿದ್ದರು, ಸಿಟ್ಟು ಮಾಡಿದ್ದರು, ಅದಕ್ಕೆ ಒಗ್ಗಿಕೊಂಡಿದ್ದರು. ಈಗ ಹೋಗಿ ನೋಡಿ, ಅದು ತಮ್ಮದಲ್ಲದ ಯಾವುದೋ ಬೂದಿಯಾಗಿದ್ದರೆ? ತಮ್ಮ ಬಣ್ಣ ಹೀಗಿತ್ತು ಎಂದು ಊರೆಲ್ಲ ಆ ಸುಳ್ಳನ್ನೇ ನೋಡುತ್ತಿದ್ದರೆ? ಅದು ಬಿಳಿಗಿಂತ ಕೆಟ್ಟದ್ದು.

ಒಂದು ವಾರ ಹೀಗೇ ಹೋಯಿತು. ಒಂದು ಬೆಳಿಗ್ಗೆ ನೋಡಿದರೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಬಾಗಿಲಲ್ಲಿ ಕೂತಿದ್ದಾರೆ. "ಅಂಗಡಿಗೆ ರಜಾ ಹಾಕು. ನಿನಗೆ ಆ ಚಿತ್ರಗಳನ್ನ ನೋಡ್ಬೇಕು ಅಂತ ಆಸೆ ಅಲ್ವಾ? ತೋರಿಸ್ಕೊಂಡ್ ಬರ್ತೀನಿ" ಎಂದರು. ನನಗೆ ಅಂಥ ಆಸೆ ಇದೆ ಎಂಬುದು ನನಗೇ ಅವತ್ತು ಗೊತ್ತಾದದ್ದು.

ಬಸ್ಸಿನಲ್ಲಿ ಯಾರನ್ನೂ ತಿವಿಯಲಿಲ್ಲ. ಆಸ್ಪತ್ರೆ ಬಂತು, ಹೋಯಿತು. ಬ್ಯಾಂಕು ಹೋಯಿತು. ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ಸಾಹುಕಾರರ ಮನೆಯಲ್ಲಿ ಬಂದವರೆಲ್ಲ ಚಿತ್ರ ನೋಡುತ್ತಿದ್ದರು. ನಾವಿಬ್ಬರು ಗೋಡೆ ನೋಡಿದೆವು. ಮೊದಲ ಕೋಣೆಯಲ್ಲಿ ಸಾಹುಕಾರರ ಮೇಜು, ಶಾಯಿ ಕುಡಿಕೆಗಳು, ಮಂಚದ ಕೆಳಗೆ ಅವರ ಚಪ್ಪಲಿ, ಎಲ್ಲ ಅವರು ಈಗ ತಾನೇ ಎದ್ದು ಹೋದಂತೆ. ಮಾವ ಚಪ್ಪಲಿಯ ಮುಂದೆ ನಿಂತು, "ಎಡಗಾಲು ಸ್ವಲ್ಪ ಎಳೀತಿದ್ರು" ಎಂದರು. ಅಷ್ಟೇ. ಅಭ್ಯಾಸಬಲ, ಮೆಟ್ಟಿಲು ಹತ್ತುವಾಗ ಅಂಗೈ ಗೋಡೆಗೆ ಹೋಯಿತು. "ಗೋಡೆ ಮುಟ್ಟಬೇಡಿ" ಎಂದು ಯಾರೋ ಕೂಗಿದರು. ಇನ್ನೊಂದು ದಿನವಾಗಿದ್ದರೆ ಹಾಗೆ ಕೂಗಿದವರ ಜನ್ಮ ಜಾಲಾಡುತ್ತಿದ್ದರು. ಅವತ್ತು ಕೈ ಹಿಂದಕ್ಕೆ ಕಟ್ಟಿಕೊಂಡರು. ಆ ಬಣ್ಣದ ಸುದ್ದಿ ಹೇಳಿ ತಪ್ಪು ಮಾಡಿದೆನೇನೋ ಎಂದು ನನಗೆ ಅನಿಸಿತು.

ದೊಡ್ಡ ಕೋಣೆಯ ಹೊಸಿಲಲ್ಲಿ ಮಾವ ನಿಂತೇಬಿಟ್ಟರು. ಕಣ್ಣು ಮುಚ್ಚಿಕೊಂಡಿದ್ದರು.

"ನೀನು ನೋಡು. ನೋಡಿ ಹೇಳು."

ನಾನು ಒಳಗೆ ಇಣುಕಿದೆ. ಆ ಬಣ್ಣವನ್ನು ನಾನು ಯಾವತ್ತೂ ನೋಡಿದವಳಲ್ಲ. ಸಾಹುಕಾರರ ಕಾಲದಲ್ಲಿ ನಾನು ಆ ಮನೆಯೊಳಗೆ ಕಾಲಿಟ್ಟವಳಲ್ಲ. ಎತ್ತರದ ಕಿಟಕಿಯಿಂದ ಬೆಳಕು ಬೀಳುತ್ತಿತ್ತು. ಗೋಡೆ ಬೂದು. ಒಂದು ಹೆಜ್ಜೆ ಇಟ್ಟೆ, ಮೂಲೆಯಲ್ಲಿ ಹಸಿರು ಸುಳಿಯಿತು. ಇನ್ನೊಂದು ಹೆಜ್ಜೆ ಇಟ್ಟೆ, ಹಸಿರು ಹೋಗಿ ನೇರಳೆ. ಗೋಡೆಯ ಮೇಲಿನ ಚಿತ್ರಗಳು ಯಾವುವೂ ಗೋಡೆಯಲ್ಲಿ ಮುಳುಗಿರಲಿಲ್ಲ, ಒಂದೊಂದೂ ನಮ್ಮನ್ನೇ ಕರೆಯುವಂತಿದ್ದವು. ಇಷ್ಟು ವರ್ಷ ಕಿವಿಯಲ್ಲಿ ಕೇಳಿ ಕೇಳಿ ಬೇಸರ ಬಂದಿದ್ದ ಬಣ್ಣ.

"ಪಾರಿವಾಳ, ಮಾವ" ಎಂದೆ. "ಪಾರಿವಾಳನೇ."

ಮಾವ ಕಣ್ಣು ತೆರೆದರು. ಒಳಗೆ ಬಂದರು. ಕಿಟಕಿಯ ಪಕ್ಕದಿಂದ ನೋಡಿದರು, ಬಾಗಿಲ ಹಿಂದಿನಿಂದ ನೋಡಿದರು, ಕೂತು ನೋಡಿದರು, ಎದ್ದು ನೋಡಿದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೇ ಹೋಗಲಿಲ್ಲ. "ನಂದೇ" ಎಂದರು, ನನಗಲ್ಲ, ಗೋಡೆಗೆ. "ನಂದೇ ಕಣೇ ನೀನು."

ಆಮೇಲೆ ಗಕ್ಕನೆ ನಿಂತರು. "ಸಿಕ್ಕಿದ್ದು ಹೇಗೆ ಇವರಿಗೆ? ಇದನ್ನ ಬೆರೆಸೋದು ನನಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಒಂದು ಚುಕ್ಕಿನೂ ಉಳಿಸಿರಲಿಲ್ಲವಲ್ಲ?"

ಅಷ್ಟರಲ್ಲಿ ಕಾವಲಿನ ಹೆಂಗಸು ನನ್ನ ಗುರುತು ಹಿಡಿದು ನಗುತ್ತಾ ಬಂದಳು. ಕೋಟು ಭುಜಕ್ಕೆ ಚೆನ್ನಾಗಿ ಕೂತಿತ್ತು. "ಅದನ್ನ ನೋಡಿದ್ರಾ ಅಕ್ಕಾ? ಎಲ್ಲಾರೂ ಚಿತ್ರಕ್ಕಿಂತ ಅದನ್ನೇ ಕೇಳ್ತಾರೆ" ಎಂದು ಮೂಲೆಗೆ ಕರೆದುಕೊಂಡು ಹೋದಳು. ಹಿಂದೆ ಅಲ್ಲಿ ಭಾರೀ ಕಪಾಟು ಇತ್ತಂತೆ. ಹೊಸ ಮೇಡಂ ಅದನ್ನು ಸರಿಸಿದಾಗ ಸಿಕ್ಕಿದ್ದಂತೆ.

ಗೋಡೆಯ ಮೇಲೆ ಚಿತ್ರಕ್ಕೆ ಹಾಕುವಂಥದೇ ಮರದ ಚೌಕಟ್ಟು, ಅದಕ್ಕೊಂದು ಗಾಜು. ಗಾಜಿನ ಒಳಗೆ ಹಳೆಯ ಬಿಳಿ ಗೋಡೆಯ ಒಂದು ತುಂಡನ್ನು ಹಾಗೇ ಉಳಿಸಿಕೊಂಡಿದ್ದರು. ಆ ಬಿಳಿಯ ನಡುವೆ ಪಾರಿವಾಳದ ಬಣ್ಣದ ಒಂದು ಎಡಗೈ. ಬೆರಳು ಬಿಡಿಸಿದ ಕೈ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು. ಕಿರುಬೆರಳು ಅರ್ಧ.

ಕೆಳಗೆ ಸಣ್ಣ ಫಲಕ. ಅಕ್ಷರ ಸಣ್ಣದು, ಮಾವನಿಗೆ ಓದಲಾಗಲಿಲ್ಲ, ನಾನು ಓದಿದೆ: 'ಈ ಕೋಣೆಯ ಮೂಲ ಬಣ್ಣ. ಬಿಳಿ ಬಳಿದಾಗ ಯಾರೋ ಉಳಿಸಿದ್ದು. ಈಗಿನ ಬಣ್ಣವನ್ನು ಇದನ್ನೇ ನೋಡಿ ಹೊಂದಿಸಲಾಗಿದೆ.'

"ಯಾರ ಕೈ ಅಂತ ಮಾತ್ರ ಗೊತ್ತಿಲ್ಲ" ಎಂದಳು ಕಾವಲಿನಾಕೆ. "ಕಿರುಬೆರಳು ನೋಡಿ ಹೇಗಿದೆ. ಕೆಲವರು ಕುಂಚ ಜಾರಿರಬೇಕು ಅಂತಾರೆ."

"ಜಾರಿಲ್ಲ" ಎಂದರು ಮಾವ.

ನಾನು ಬಾಯಿ ತೆರೆದೆ. ಹೇಳಬೇಕಾದದ್ದು ನನ್ನ ಬಾಯಲ್ಲಿ ತುಂಬಿ ತುಳುಕುತ್ತಿತ್ತು: ಬಣ್ಣ ಇವರದು, ಎದುರಿಗೇ ನಿಂತಿದ್ದಾರೆ ನೋಡು, ಕೈ ಇವರ ತಮ್ಮನದು. ಮಾವ ನನ್ನ ಮಣಿಕಟ್ಟು ಹಿಡಿದರು. ಬಸ್ಸಿನಲ್ಲಿ ಗುರುತಿಲ್ಲದವರಿಗೆಲ್ಲ ಊರನ್ನೇ ತನ್ನದೆಂದು ತೋರಿಸಿದ ಮನುಷ್ಯ, ತನ್ನದೇ ಗೋಡೆಯ ಮುಂದೆ, ಕೇಳುವವರು ಎದುರಿಗೇ ಇರುವಾಗ, ತುಟಿ ಬಿಗಿದುಕೊಂಡು ನಿಂತಿದ್ದರು.

"ಸುಮ್ನಿರು" ಎಂದರು ಮೆಲ್ಲಗೆ. "ಅವನಿಲ್ಲದೆ ಬೇಡ."

ಅಲ್ಲಿಂದ ನೇರ ಚಿಕ್ಕಮಾವನ ಮನೆಗೆ. ಬಸ್ಸಿಳಿದ ಮೇಲೆ ಮಂಡಿನೋವಿನ ಮನುಷ್ಯ ಹೇಗೆ ನಡೆದರೋ, ನಾನು ಹಿಂದೆ ಹಿಂದೆ ಓಡಬೇಕಾಯಿತು. ಬಾಗಿಲು ತಟ್ಟಲಿಲ್ಲ, ಗುದ್ದಿದರು. ಚಿಕ್ಕಮಾವ ಬನಿಯನ್ನಿನಲ್ಲಿ ಬಂದು ಬಾಗಿಲು ತೆಗೆದರು. ಅಣ್ಣನನ್ನು ನೋಡಿ, ನನ್ನನ್ನು ನೋಡಿ, "ಯಾರಿಗೆ ಏನಾಯ್ತು?" ಎಂದರು.

"ಲೋ ನಾಲ್ಕೂವರೆ" ಎಂದರು ಮಾವ. ಆಗಲೂ ಬೈಗುಳ ಬಿಡಲಿಲ್ಲ. "ಹೆಬ್ಬೆರಳ ಹತ್ರ ಅಂಚು ಒಡೆದಿದೆಯಲ್ಲೋ! ಕೈಯಲ್ಲಿ ಹಿಡಿದಿದ್ದು ಕುಂಚನೋ ಪೊರಕೆನೋ?"

ಚಿಕ್ಕಮಾವ ಬಾಗಿಲಿಗೆ ಒರಗಿದರು.

"ಆ ಮೇಲ್ವಿಚಾರಕ ಟೀ ಕುಡಿಯೋಕೆ ಹೋಗಿದ್ದ ಅಣ್ಣ. ಅವನು ಬರೋದ್ರೊಳಗೆ ಮುಗಿಸಿ ಕಪಾಟು ತಳ್ಳಬೇಕಿತ್ತು. ಬೆವರಿಗೆ ಕೈ ಜಾರ್ತಿತ್ತು. ನಾನೂ ಬಿಟ್ಟು ಬಂದಿದ್ರೆ ಬೇರೆ ಯಾವನೋ ಬಂದು ಪೂರ್ತಿ ಮುಚ್ಚಿಬಿಡ್ತಿದ್ದ. ನಿನ್ನ ಬಣ್ಣನ ಅವನ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ" ಎಂದರು.

"ಹೇಳೋಕೇನಾಗಿತ್ತೋ ನಿನಗೆ?"

"ಬಂದಿದ್ನಲ್ಲ. ಬಾಗಿಲು ಹಾಕಿದ್ದು ಯಾರು?"

ಮಾವ ತಮ್ಮನ ಎಡಗೈಯನ್ನು ಹಿಡಿದು, ಆ ಅರ್ಧ ಬೆರಳನ್ನು ತಮ್ಮ ಅಂಗೈಯಲ್ಲಿ ಮುಚ್ಚಿಕೊಂಡು ನಿಂತರು. "ನನಗೆ ಬುದ್ಧಿ ಇಲ್ಲ ಕಣೋ" ಎಂದರು. "ನೀನು ಯಾವತ್ತು ನನ್ನ ಏಣಿ ಬಿಟ್ಟಿದ್ದೆ? ಅದನ್ನಾದ್ರೂ ಯೋಚನೆ ಮಾಡ್ಬೇಕಿತ್ತು." ಚಿಕ್ಕಮಾವ ಮುಖ ತಿರುಗಿಸಿ ಗೋಡೆ ನೋಡಿದರು. ನಾನು ಬೀದಿ ನೋಡಿದೆ. ಯಾರೂ ಯಾರ ಮುಖವನ್ನೂ ನೋಡುವ ಹಾಗಿರಲಿಲ್ಲ.

"ಅಂಗಿ ಹಾಕ್ಕೋ" ಎಂದರು ಮಾವ ಕೊನೆಗೆ. "ಒಳ್ಳೇದು ಇದ್ರೆ ಹಾಕ್ಕೋ."

ಮ್ಯೂಸಿಯಂ ಮುಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆ ನಾವು ಮತ್ತೆ ದೊಡ್ಡ ಕೋಣೆಯಲ್ಲಿದ್ದೆವು. ಬಿಸಿಲು ಇಳಿದಿತ್ತು, ಗೋಡೆ ಬೆಳಗಿನ ಗೋಡೆಯಾಗಿರಲಿಲ್ಲ, ನೇರಳೆಯೇ ಹೆಚ್ಚು. ಚಿಕ್ಕಮಾವ ಗಾಜಿನ ಮುಂದೆ ನಾಚಿಕೊಂಡು, ಎಡಗೈಯನ್ನು ಜೇಬಿನೊಳಗೆ ಇಟ್ಟುಕೊಂಡು ನಿಂತರು. ಚೌಕಟ್ಟಿನ ಮುಂದೆ ಆಗಲೇ ಜನ ಗುಂಪುಗೂಡಿದ್ದರು. ಒಬ್ಬಾತ ತನ್ನ ಹೆಂಡತಿಗೆ, ಇದು ಚಿಕ್ಕ ಮಗುವಿನ ಕೈ ಇರಬೇಕು ಎಂದು ವಿವರಿಸುತ್ತಿದ್ದ.

ಮಾವ ಆತನನ್ನು ಮೊಣಕೈಯಿಂದ ತಿವಿದರು. ಅಬ್ಬಾ, ಆ ತಿವಿತ ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ!

"ಮಗೂದಲ್ಲ ಸ್ವಾಮಿ" ಎಂದು ತಮ್ಮನ ಕೈಯನ್ನು ಜೇಬಿನಿಂದ ಎಳೆದು, ಬೆರಳು ಬಿಡಿಸಿ, ಗಾಜಿನ ಪಕ್ಕಕ್ಕೆ ಹಿಡಿದರು. "ಇದೇ ಕೈ. ಎಣಿಸಿ ನೋಡಿ, ನಾಲ್ಕೂವರೆ. ನನ್ನ ತಮ್ಮ!"

ಜನ ಕೈ ನೋಡಿದರು, ಗಾಜು ನೋಡಿದರು, ಮತ್ತೆ ಕೈ ನೋಡಿದರು. ಕಾವಲಿನ ಹೆಂಗಸು ಬಾಯಿ ಮೇಲೆ ಕೈಯಿಟ್ಟುಕೊಂಡು ಮೇಡಂ ಅವರನ್ನು ಕರೆಯಲು ಓಡಿದಳು. ತಾವು ಬೆರೆಸಿದ ಬಣ್ಣದ ಮಾತೇ ಎತ್ತಲಿಲ್ಲ ಮಾವ. ಸಾಹುಕಾರರು ಹೆಗಲ ಮೇಲೆ ಕೈಯಿಟ್ಟದ್ದೂ ಇಲ್ಲ, ಚಿತ್ರಕ್ಕೆ ಮನೆ ಕೊಟ್ಟದ್ದೂ ಇಲ್ಲ. ತಮ್ಮನ ಕೈಯನ್ನು ಎತ್ತಿ ಹಿಡಿದು, ಕೋಣೆಯ ಆ ತುದಿಯವರಿಗೂ ಕಾಣುವಂತೆ ತಿರುಗಿಸಿ ತೋರಿಸುತ್ತಲೇ ಇದ್ದರು.

"ಹಾಗಾದ್ರೆ ಈ ಬಣ್ಣ ಯಾರು ಮಾಡಿದ್ದು?" ಎಂದು ಆತನ ಹೆಂಡತಿ ಕೇಳಿದಳು.

ಚಿಕ್ಕಮಾವ ಅಷ್ಟು ಹೊತ್ತು ನೆಲ ನೋಡುತ್ತಿದ್ದವರು ತಲೆ ಎತ್ತಿದರು. "ನಮ್ಮಣ್ಣ" ಎಂದರು, ಇಡೀ ಕೋಣೆಗೆ ಕೇಳುವಂತೆ. "ಇಲ್ಲೇ ನಿಂತಿದಾನಲ್ಲ, ನಮ್ಮಣ್ಣ."

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನೂ ಯಾರಾದರೂ ಕೇಳುತ್ತಾರೇನೋ ಎಂದು ಕಾದೆ. ಯಾರೂ ಕೇಳಲಿಲ್ಲ. ಪಕ್ಕದಲ್ಲಿದ್ದವರನ್ನು ಮೊಣಕೈಯಿಂದ ತಿವಿದು ನಾನೇ ಹೇಳಿಬಿಟ್ಟೆ: "ನಾನು ಇವರ ಮನೆ ಸೊಸೆ."